ಮಳೆಯ ದಿನ ಮನೆಯೇ ಪ್ರಯೋಗಶಾಲೆ

ದಸರಾ ರಜೆಯ ಒಂದು ಭಾನುವಾರ. ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರಿನ ಆಕಾಶದಲ್ಲಿ ಮೋಡ ಕವಿದು, ಹಗಲಿನಲ್ಲೇ ದೀಪ ಹಾಕುವಂತಾಯಿತು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಕ್ಕೆ ಕರೆದೆವು. ನಮ್ಮದು ಮೊದಲನೆಯ ಮಹಡಿಯಲ್ಲಿರುವ ಎರಡು ಕೋಣೆಗಳ ಮನೆ. ಮೇಲೆ ತಾರಸಿ, ಕೆಳಗೆ ಬೀದಿ, ಅಂಗಳವೆಂಬುದು ಇಲ್ಲ. ಸ್ವಲ್ಪ ಹೊತ್ತಿಗೆ ವಿದ್ಯುತ್ತೂ ನಿಂತಿತು. "ಹೊರಗೆ ಹೋಗುವ ಹಾಗಿಲ್ಲ, ಒಳಗೆ ಮಾಡುವುದಕ್ಕೆ ಏನೂ ಇಲ್ಲ. ಈ ಮಳೆ ಯಾಕಾದರೂ ಬರುತ್ತದೋ!" ಎಂದು ಮಗ ಕಿಟಕಿಯ ಸರಳು ಹಿಡಿದು ನಿಂತ. ಅವನು ಮೂರನೆಯ ತರಗತಿಯಲ್ಲಿ ಓದುವವನು. ಅವನ ಅಕ್ಕ ಆರನೆಯ ತರಗತಿ.

ಮಳೆಯಿಂದಾಗಿ ಒಳಗೆ ಕುಳಿತವರು ಆ ಮಳೆಯನ್ನೇ ಏಕೆ ಪರೀಕ್ಷಿಸಬಾರದು ಎಂದು ನನಗೆ ತೋರಿತು. ಅಂದಿನ ಸಂಜೆ ನಾವು ಮಾಡಿದ ಪ್ರಯೋಗಗಳಿಗೆ ಬೇಕಾದದ್ದು ಒಂದು ಡಬ್ಬಿ, ಒಂದು ಅಳತೆಪಟ್ಟಿ, ಒಂದು ತಟ್ಟೆ ಮೈದಾ ಹಿಟ್ಟು, ಹಳೆಯ ವರ್ತಮಾನ ಪತ್ರಿಕೆ, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ, ಎರಡು ಉಷ್ಣಮಾಪಕಗಳು ಮತ್ತು ಒಂದು ನೋಟುಪುಸ್ತಕ. ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ವಸ್ತು. ಅದೇಕೆಂಬುದು ಲೇಖನದ ಕೊನೆಯಲ್ಲಿ ತಿಳಿಯುವುದು.

ಮಳೆಯನ್ನು ಹಿಡಿಯುವುದು

"ನಿನ್ನೆ ೨೦ ಮಿಲಿಮೀಟರ್ ಮಳೆಯಾಯಿತು" ಎಂದರೇನು? ಬಿದ್ದ ನೀರು ಹರಿದುಹೋಗದೆ, ಇಂಗದೆ, ಆವಿಯಾಗದೆ ಬಿದ್ದಲ್ಲಿಯೇ ನಿಂತಿದ್ದರೆ ಅದರ ಆಳ ೨೦ ಮಿಲಿಮೀಟರ್ ಇರುತ್ತಿತ್ತು ಎಂದರ್ಥ. ಆದುದರಿಂದ ಮಳೆಯನ್ನು ಅಳೆಯುವುದಕ್ಕೆ ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಯಾವ ಪಾತ್ರೆಯಾದರೂ ಸಾಕು. ಪಾತ್ರೆ ದೊಡ್ಡದಾದರೆ ಹೆಚ್ಚು ನೀರು ಬೀಳುವುದು ನಿಜ. ಆದರೆ ಆ ನೀರು ಅಷ್ಟೇ ಹೆಚ್ಚು ಅಗಲಕ್ಕೆ ಹರಡುವುದರಿಂದ ಆಳದಲ್ಲಿ ವ್ಯತ್ಯಾಸವಾಗದು. ಕೊರಳು ಕಿರಿದಾದ ಬಾಟಲಿ, ಬಾಯಿ ಅಗಲವಾದ ಬಟ್ಟಲು ಇವು ನೇರವಾಗಿ ಅಳೆಯಲು ಒದಗುವುದಿಲ್ಲ.

ಈ ಉಪಾಯ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಬಳಿ ಒಂದು ಅರತ್ನಿ ಅಗಲದ ಬಾಯುಳ್ಳ ಪಾತ್ರೆಯನ್ನು ಮಳೆಯ ಅಳತೆಗಾಗಿ ಇಡಬೇಕೆಂಬ ವಿಧಿಯಿದೆ. ಅರತ್ನಿಯೆಂದರೆ ಮೊಳದ ಲೆಕ್ಕದ ಒಂದು ಪ್ರಾಚೀನ ಅಳತೆ. ಕೊರಿಯ ದೇಶದಲ್ಲಿ ರಾಜ ಸೆಜೊಂಗನ ಆಳ್ವಿಕೆಯಲ್ಲಿ, ೧೪೪೧ರ ಸುಮಾರಿಗೆ, ಒಂದೇ ಮಾದರಿಯ ಮಳೆಮಾಪಕಗಳು ಬಳಕೆಗೆ ಬಂದವು. ರಾಜ್ಯದ ಆದಾಯ ಬೆಳೆಯನ್ನೂ, ಬೆಳೆ ಮಳೆಯನ್ನೂ ಅವಲಂಬಿಸಿದ್ದುದರಿಂದ, ಮಳೆಯ ಲೆಕ್ಕವೂ ರಾಜ್ಯದ ಲೆಕ್ಕಗಳಲ್ಲಿ ಸೇರಿತ್ತು.

ಕಾಫಿಪುಡಿ ತುಂಬುವ ಒಂದು ಉರುಟು ಡಬ್ಬಿಯನ್ನು ತೊಳೆದು, ಗುಡುಗು ಮಿಂಚುಗಳು ಆರಂಭವಾಗುವ ಮೊದಲೇ ಮಕ್ಕಳೊಡನೆ ತಾರಸಿಗೆ ಹೋಗಿ ಇಟ್ಟುಬಂದೆ. ಗಾಳಿಗೆ ಉರುಳದಿರಲೆಂದು ಮಗಳು ಅದನ್ನು ನೀರಿನ ಟ್ಯಾಂಕಿನ ಪಕ್ಕದಲ್ಲಿ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದಳು. ಈ ಸ್ಥಳದ ವಿಷಯ ನೆನಪಿರಲಿ.

ಮಿಂಚು, ಗುಡುಗು, ಗಡಿಯಾರ

ಎರಡೂವರೆಗೆ ಮಳೆ ಬಿದ್ದಿತು, ಹಿಂದೆಯೇ ಮಿಂಚು. ಬೆಳಕು ಕೆಲವು ಕಿಲೋಮೀಟರುಗಳ ದೂರವನ್ನು ಕಣ್ಣು ಮಿಟುಕಿಸುವುದರೊಳಗೆ ದಾಟುತ್ತದೆ. ಶಬ್ದಕ್ಕೆ ಅಷ್ಟು ಅವಸರವಿಲ್ಲ. ಮಳೆಗಾಲದ ನಮ್ಮ ಹವೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೩೪೫ ಮೀಟರ್. ಎಂದರೆ ಒಂದು ಕಿಲೋಮೀಟರಿಗೆ ಹೆಚ್ಚು ಕಡಿಮೆ ೩ ಸೆಕೆಂಡು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ೩ರಿಂದ ಭಾಗಿಸಿದರೆ ಮಿಂಚಿನ ದೂರ ಕಿಲೋಮೀಟರುಗಳಲ್ಲಿ ಸಿಕ್ಕುವುದು.

ಮಗ ಮಿಂಚನ್ನು ನೋಡಿ "ಈಗ!" ಎನ್ನುವುದು, ಮಗಳು ಸೆಕೆಂಡಿನ ಮುಳ್ಳನ್ನು ನೋಡುವುದು, ನಾನು ಬರೆದುಕೊಳ್ಳುವುದು ಎಂದು ಕೆಲಸ ಹಂಚಿಕೊಂಡೆವು. ೨೧, ೧೮, ೧೯, ೧೨, ೯ ಎಂದು ಅಂಕಿಗಳು ಬಂದವು. ಮಳೆಮೋಡ ನಮ್ಮ ಕಡೆಗೇ ಬರುತ್ತಿದೆಯೆಂದು ಹೇಳಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ೧೧, ೧೬, ೨೪ ಎಂದು ಏರತೊಡಗಿದಾಗ ಅದು ದಾಟಿಹೋಗುತ್ತಿತ್ತು. ಹೊತ್ತನ್ನು ಅಡ್ಡ ಗೆರೆಯ ಮೇಲೆ, ದೂರವನ್ನು ನೆಟ್ಟ ಗೆರೆಯ ಮೇಲೆ ಗುರುತಿಸಿದರೆ ಒಂದು ಗುಡುಗುಮಳೆಯ ಪ್ರಯಾಣವೇ ಕಾಗದದ ಮೇಲೆ ಮೂಡುವುದು.

ಗುಡುಗು "ಢಂ" ಎಂದು ಒಮ್ಮೆ ಹೊಡೆದು ನಿಲ್ಲದೆ ಉರುಳುವುದೇಕೆ? ಮಿಂಚು ಒಂದು ಬಿಂದುವಲ್ಲ. ಹಲವು ಕಿಲೋಮೀಟರ್ ಉದ್ದದ ದಾರಿ. ಅದರ ಹತ್ತಿರದ ತುದಿಯ ಶಬ್ದ ಮೊದಲು, ದೂರದ ತುದಿಯ ಶಬ್ದ ಕೊನೆಗೆ ನಮ್ಮ ಕಿವಿಯನ್ನು ತಲುಪುತ್ತದೆ. ಒಂದು ಗುಡುಗು ೬ ಸೆಕೆಂಡು ಉರುಳಿದರೆ, ಆ ಎರಡು ತುದಿಗಳು ನಮ್ಮಿಂದ ಇರುವ ದೂರಗಳಲ್ಲಿ ಸುಮಾರು ೨ ಕಿಲೋಮೀಟರ್ ಅಂತರವಿದೆಯೆಂದು ಊಹಿಸಬಹುದು. ಕಟ್ಟಡಗಳ ಪ್ರತಿಧ್ವನಿಯೂ ಇದಕ್ಕೆ ಸೇರುವುದರಿಂದ ನಗರದಲ್ಲಿ ಇದು ಒರಟು ಲೆಕ್ಕ.

ಇಲ್ಲೊಂದು ಎಚ್ಚರಿಕೆಯ ಮಾತು. ಅಂತರ ೩೦ ಸೆಕೆಂಡಿಗಿಂತ ಕಡಿಮೆಯಿದ್ದರೆ ಮಿಂಚು ೧೦ ಕಿಲೋಮೀಟರಿನೊಳಗೆ ಇದೆ. ಮುಂದಿನದು ನಮ್ಮ ಮೇಲೆಯೇ ಬೀಳಬಹುದು. ಅಂತಹ ಹೊತ್ತಿನಲ್ಲಿ ಯಾವ ಪ್ರಯೋಗಕ್ಕಾಗಿಯೂ ತಾರಸಿಗೆ ಹೋಗಕೂಡದು. ಕಿಟಕಿಯ ಸರಳುಗಳನ್ನೂ ನಲ್ಲಿಗಳನ್ನೂ ಮುಟ್ಟಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಒಳಗೇ ಇರುವುದು ಕ್ಷೇಮ. ನಾವೂ ಹಾಗೆಯೇ ಕೋಣೆಯ ನಡುವೆ ಕುಳಿತು ಎಣಿಸಿದೆವು.

ಹಿಟ್ಟಿನಲ್ಲಿ ಸಿಕ್ಕ ಹನಿಗಳು

ಗುಡುಗು ನಿಂತಿತು, ಮಳೆ ಮಾತ್ರ ಸುರಿಯುತ್ತಲೇ ಇತ್ತು. "ಮಳೆಯ ಹನಿ ಎಷ್ಟು ದೊಡ್ಡದು?" ಎಂದು ಕೇಳಿದೆ. ಮಗ ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ ಒಂದು ಗಾತ್ರ ತೋರಿಸಿದ. ಮಗಳು ಅದರ ಅರ್ಧ. ಬೀಳುವ ಹನಿಯನ್ನು ಅಳತೆಪಟ್ಟಿಯಿಂದ ಅಳೆಯಲು ಸಾಧ್ಯವಿಲ್ಲ. ಬಿದ್ದ ಮೇಲೆ ಅದು ಒಡೆದು ಹರಡುತ್ತದೆ. ಹಾಗಾದರೆ ಉಪಾಯವೇನು?

ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಊರಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದನು. ಹಿಮದ ಹರಳುಗಳನ್ನು ಸೂಕ್ಷ್ಮದರ್ಶಕದ ಮೂಲಕ ೧೮೮೫ರಲ್ಲಿಯೇ ಛಾಯಾಚಿತ್ರ ತೆಗೆದವನು ಈತ. ಹಿಮವಿಲ್ಲದ ಕಾಲದಲ್ಲಿ ಮಳೆಯ ಹನಿಗಳನ್ನು ಕುರಿತು ಯೋಚಿಸಿ, ಹಿಟ್ಟಿನ ತಟ್ಟೆಯೊಂದನ್ನು ಕೆಲವು ಸೆಕೆಂಡುಗಳ ಕಾಲ ಮಳೆಗೆ ಒಡ್ಡುವ ವಿಧಾನವನ್ನು ಬಳಸಿದನು. ಪ್ರತಿಯೊಂದು ಹನಿಯೂ ಹಿಟ್ಟಿನಲ್ಲಿ ಇಳಿದು ಒಂದು ಪುಟ್ಟ ಉಂಡೆಯಾಗುತ್ತದೆ. ಉಂಡೆ ಒಣಗಿದ ಮೇಲೆ ಅಳೆಯಬಹುದು. ಈ ಅಧ್ಯಯನವನ್ನು ಅವನು ೧೯೦೪ರಲ್ಲಿ ಪ್ರಕಟಿಸಿದನು.

ವಿಧಾನ ಹೀಗಿದೆ. ಮೈದಾ ಹಿಟ್ಟನ್ನು ನಯವಾಗಿ ಜರಡಿಯಾಡಿಸಿ, ಒಂದು ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿರಿ, ಅದುಮಬಾರದು. ಮೇಲೆ ಇನ್ನೊಂದು ತಟ್ಟೆಯನ್ನು ಮುಚ್ಚಿ, ಬಾಗಿಲಿನ ಅಥವಾ ಬಾಲ್ಕನಿಯ ಹೊರಗೆ ಚಾಚಿ, ಮುಚ್ಚಳವನ್ನು ಎರಡೇ ಸೆಕೆಂಡು ಸರಿಸಿ ಮತ್ತೆ ಮುಚ್ಚಿರಿ. ಅರ್ಧ ಗಂಟೆ ಬಿಟ್ಟು ಹಿಟ್ಟನ್ನು ಮತ್ತೆ ಜರಡಿಯಾಡಿಸಿದರೆ ಉಂಡೆಗಳು ಮೇಲೆ ಉಳಿಯುತ್ತವೆ. ಅವನ್ನು ಗೆರೆ ಕಾಗದದ ಮೇಲೆ ಸಾಲಾಗಿಟ್ಟು ಗಾತ್ರಕ್ಕೆ ತಕ್ಕಂತೆ ಗುಂಪು ಮಾಡಬೇಕು.

"ಏನಪ್ಪ, ಒಂದು ತಟ್ಟೆ ಹಿಟ್ಟು ಮಳೆಗೆ ಹಾಕಿದೆಯಲ್ಲ!" ಎಂದು ನಮ್ಮ ತಾಯಿ ಒಳಗಿನಿಂದ ಬಂದರು. ಎರಡು ಸೆಕೆಂಡಿನಲ್ಲಿ ಹಾಳಾಗುವುದು ಒಂದು ಚಮಚೆಯೂ ಅಲ್ಲವೆಂದೂ, ಉಳಿದ ಹಿಟ್ಟನ್ನು ಕುದಿಸಿ ಅಂಟು ಮಾಡಿ ಮುಂದಿನ ಪ್ರಯೋಗಕ್ಕೆ ಬಳಸುವೆವೆಂದೂ ಸಮಾಧಾನ ಹೇಳಬೇಕಾಯಿತು. ಆಮೇಲೆ ಜರಡಿಯನ್ನು ತಾವೇ ಹಿಡಿದರು. ಅವರ ಕೈಗೆ ಇರುವ ಹದ ನಮ್ಮ ಕೈಗೆ ಇರಲಿಲ್ಲ.

ಉಂಡೆಯ ಗಾತ್ರ ಹನಿಯ ಗಾತ್ರಕ್ಕೆ ಸರಿಸಮವೇ? ಇದನ್ನೂ ಪರೀಕ್ಷಿಸದೆ ನಂಬಕೂಡದು. ಔಷಧಿಯ ಬಾಟಲಿಯೊಡನೆ ಬರುವ ತೊಟ್ಟಿಕ್ಕುವ ನಳಿಕೆಯಿಂದ ನೀರನ್ನು ಹನಿಹನಿಯಾಗಿ ೫ ಮಿಲಿಲೀಟರ್ ಗುರುತಿನವರೆಗೆ ತುಂಬಿ ಎಣಿಸಿರಿ. ೧೦೦ ಹನಿಗಳಾದವೆಂದರೆ ಒಂದೊಂದರ ಗಾತ್ರ ೦.೦೫ ಮಿಲಿಲೀಟರ್, ಗೋಳದ ಸೂತ್ರದಿಂದ ಅದರ ವ್ಯಾಸ ಸುಮಾರು ೪.೬ ಮಿಲಿಮೀಟರ್ ಎಂದು ಬರುತ್ತದೆ. ಅದೇ ನಳಿಕೆಯಿಂದ ಕೆಲವು ಹನಿಗಳನ್ನು ಹಿಟ್ಟಿಗೆ ಬೀಳಿಸಿ, ಆ ಉಂಡೆಗಳನ್ನು ಅಳೆದರೆ ಎಷ್ಟು ದೊಡ್ಡ ಹನಿಗೆ ಎಷ್ಟು ದೊಡ್ಡ ಉಂಡೆಯೆಂಬುದು ಗೊತ್ತಾಗುತ್ತದೆ.

ನಮಗೆ ಸಿಕ್ಕಿದ ಹನಿಗಳಲ್ಲಿ ಬಹುಪಾಲು ೧ರಿಂದ ೩ ಮಿಲಿಮೀಟರ್ ವ್ಯಾಸದವು. ಮಗಳು ಊಹಿಸಿದ್ದಕ್ಕಿಂತಲೂ ಚಿಕ್ಕವು! ಇಲ್ಲಿ ಘನದ ಲೆಕ್ಕವನ್ನು ಮರೆಯಬಾರದು. ೩ ಮಿಲಿಮೀಟರಿನ ಒಂದು ಹನಿಯಲ್ಲಿ ೧ ಮಿಲಿಮೀಟರಿನ ೨೭ ಹನಿಗಳ ನೀರಿದೆ. ಮೋಡದಲ್ಲಿ ತೇಲುವ ಕಣದ ವ್ಯಾಸ ಸುಮಾರು ೦.೦೨ ಮಿಲಿಮೀಟರ್, ಅಂತಹ ಹತ್ತು ಲಕ್ಷ ಕಣಗಳು ಒಂದಾದರೆ ೨ ಮಿಲಿಮೀಟರಿನ ಒಂದು ಮಳೆಹನಿ. ಇನ್ನೊಂದು ಕಡೆ, ಹನಿಗಳು ಮನಬಂದಷ್ಟು ದೊಡ್ಡದಾಗಲೂ ಆರವು. ಸುಮಾರು ೬ ಮಿಲಿಮೀಟರಿಗೆ ಸಮೀಪಿಸಿದ ಹನಿ ಗಾಳಿಯ ಒತ್ತಡಕ್ಕೆ ಅಗಲವಾಗಿ ಒಡೆಯುವುದು. ಚಿಕ್ಕ ಹನಿಯನ್ನು ಮೇಲ್ಮೈ ಎಳೆತ ಗೋಳವಾಗಿ ಬಿಗಿದಿಡುತ್ತದೆ. ದೊಡ್ಡ ಹನಿಯ ತಳ ಚಪ್ಪಟೆಯಾಗಿ ಅದು ಬೇಕರಿಯ ಬನ್ನಿನಂತೆ ಕಾಣುತ್ತದೆ. ಚಿತ್ರಗಳಲ್ಲಿ ಬರೆಯುವ ಚೂಪುಮೂತಿಯ ಹನಿ ಆಕಾಶದಲ್ಲಿ ಇಲ್ಲ.

ಪೊಟ್ಟಣಗಳ ಓಟ

ಒಂದು ಕಿಲೋಮೀಟರ್ ಎತ್ತರದಿಂದ ಬೀಳುವ ಹನಿಗೆ ಗಾಳಿಯ ತಡೆ ಇಲ್ಲದಿದ್ದರೆ, ನೆಲಕ್ಕೆ ಬರುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ೧೪೦ ಮೀಟರ್, ಎಂದರೆ ಗಂಟೆಗೆ ಸುಮಾರು ೫೦೦ ಕಿಲೋಮೀಟರ್ ಆಗಿರುತ್ತಿತ್ತು. ಅಂತಹ ಮಳೆಯಲ್ಲಿ ಕೊಡೆ ಹಿಡಿದು ಪ್ರಯೋಜನವಿಲ್ಲ! ನಿಜವಾಗಿ ೧ ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು ೪ ಮೀಟರ್, ೫ ಮಿಲಿಮೀಟರಿನದು ಸುಮಾರು ೯ ಮೀಟರ್ ವೇಗದಲ್ಲಿ ಬರುತ್ತದೆ. ಕಾರಣ, ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಒಂದು ಹಂತದಲ್ಲಿ ತಡೆ ಭಾರಕ್ಕೆ ಸಮನಾಗುತ್ತದೆ. ಆ ಮೇಲೆ ವೇಗ ಏರುವುದಿಲ್ಲ. ಇದಕ್ಕೆ ಅಂತಿಮ ವೇಗವೆಂದು ಹೆಸರು.

ಇದನ್ನು ಕೋಣೆಯೊಳಗೆ ನೋಡುವುದಕ್ಕೆ ಕಡಲೆಕಾಯಿ ಮಾರುವವನ ಪೊಟ್ಟಣ ಸಾಕು; ಆದರೆ ಅದಕ್ಕಿಂತ ಹೆಚ್ಚು ಹರವಾಗಿರಬೇಕು. ಊಟದ ತಟ್ಟೆಯನ್ನು ಪತ್ರಿಕೆಯ ಮೇಲಿಟ್ಟು ಗೆರೆ ಎಳೆದು ಒಂದೇ ಅಳತೆಯ ಐದು ವೃತ್ತಗಳನ್ನು ಕತ್ತರಿಸಿರಿ. ಪ್ರತಿಯೊಂದನ್ನೂ ಅಂಚಿನಿಂದ ಕೇಂದ್ರದವರೆಗೆ ಸೀಳಿ, ಸೀಳಿದ ಅಂಚುಗಳನ್ನು ಎರಡು ಬೆರಳಿನಷ್ಟು ಒಂದರ ಮೇಲೊಂದು ತಂದು ಒಂದೇ ಚುಕ್ಕೆ ಮೈದಾ ಅಂಟಿನಿಂದ ಅಂಟಿಸಿದರೆ ಹರವಾದ ಪೊಟ್ಟಣವಾಗುವುದು. ನಾಲ್ಕನ್ನು ಒಂದರೊಳಗೊಂದು ಸೇರಿಸಿ ಒಂದು ಕಟ್ಟು ಮಾಡಿರಿ; ಐದನೆಯದು ಒಂಟಿಯಾಗಿರಲಿ. ಎರಡಕ್ಕೂ ಆಕಾರ ಒಂದೇ, ಭಾರ ಮಾತ್ರ ನಾಲ್ಕು ಪಟ್ಟು.

ಒಂಟಿ ಪೊಟ್ಟಣವನ್ನು ೧ ಮೀಟರ್ ಎತ್ತರದಿಂದಲೂ ನಾಲ್ಕರ ಕಟ್ಟನ್ನು ೨ ಮೀಟರ್ ಎತ್ತರದಿಂದಲೂ ಚೂಪು ಕೆಳಗಾಗಿ ಒಮ್ಮೆಲೇ ಬಿಡಿರಿ. ಎರಡೂ ಬಹುಮಟ್ಟಿಗೆ ಒಟ್ಟಿಗೇ ನೆಲ ಮುಟ್ಟುತ್ತವೆ! ಭಾರ ೪ ಪಟ್ಟಾದಾಗ ವೇಗ ೪ ಪಟ್ಟಾಗಲಿಲ್ಲ, ೨ ಪಟ್ಟಾಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ವೇಗ ೨ ಪಟ್ಟಾದರೆ ತಡೆ ೪ ಪಟ್ಟಾಗಿ ನಾಲ್ಕು ಪಟ್ಟು ಭಾರವನ್ನು ಸರಿದೂಗಿಸುತ್ತದೆ.

ಹಲವು ಸಲ ಮಾಡಿದ ಮೇಲೆ ಮಗ, "ಅಪ್ಪ, ಕಟ್ಟು ಚೂರು ತಡವಾಗಿ ಬೀಳುತ್ತೆ" ಎಂದ. ನನಗೆ ಹಾಗೆ ಕಾಣಿಸಿರಲಿಲ್ಲ. ಕಾಣಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಗಮನಿಸಿ ನೋಡಿದರೆ ಅವನ ಮಾತು ಸರಿ. ಅಂತಿಮ ವೇಗ ಬಿಟ್ಟ ಕ್ಷಣದಲ್ಲೇ ಬರುವುದಿಲ್ಲ. ಹೆಚ್ಚಿನ ವೇಗಕ್ಕೆ ಏರಬೇಕಾದ ಕಟ್ಟಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಸೂತ್ರ ಗೊತ್ತಿದ್ದ ನನ್ನ ಕಣ್ಣು ಅದನ್ನು ದಾಟಿಹೋಗಿತ್ತು.

ಒಣಗದ ಬಟ್ಟೆ, ಮೆತ್ತಗಾದ ಹಪ್ಪಳ

ಮನೆಯೊಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆಗಳು ಬೆಳಗಿನಿಂದಲೂ ಒದ್ದೆಯಾಗಿಯೇ ಇದ್ದವು. ಮಧ್ಯಾಹ್ನ ಕರಿದ ಹಪ್ಪಳ ಸಂಜೆಗೆ ಮೆತ್ತಗಾಗಿತ್ತು. ಎರಡಕ್ಕೂ ಕಾರಣ ಒಂದೇ: ಗಾಳಿಯಲ್ಲಿ ನೀರಾವಿ ತುಂಬಿದೆ. ಬಟ್ಟೆಯ ನೀರಿಗೆ ಹೊರಡಲು ಅವಕಾಶವಿಲ್ಲ. ಹಪ್ಪಳ ಗಾಳಿಯಿಂದ ಆವಿಯನ್ನು ಹೀರಿಕೊಳ್ಳುತ್ತದೆ.

ಎಷ್ಟು ತುಂಬಿದೆಯೆಂಬುದನ್ನು ಅಳೆಯಲು ಕೋಣೆಯ ಉಷ್ಣತೆಯನ್ನು ತೋರಿಸುವ ಎರಡು ಒಂದೇ ಬಗೆಯ ಉಷ್ಣಮಾಪಕಗಳು ಬೇಕು. ಜ್ವರ ನೋಡುವ ಉಷ್ಣಮಾಪಕ ಆಗದು. ಒಂದರ ಬುಡಕ್ಕೆ ತೆಳುವಾದ ಒದ್ದೆ ಬಟ್ಟೆಯನ್ನು ಸುತ್ತಿ ಎರಡಕ್ಕೂ ಬೀಸಣಿಗೆಯಿಂದ ಕೆಲವು ನಿಮಿಷ ಗಾಳಿ ಹಾಕಿರಿ. ನೀರು ಆವಿಯಾಗುವಾಗ ಉಷ್ಣವನ್ನು ಹೀರುವುದರಿಂದ ಒದ್ದೆ ಬುಡದ ಮಾಪಕ ಕೆಳಗಿಳಿಯುತ್ತದೆ. ಎಷ್ಟು ಇಳಿಯಿತೋ ಗಾಳಿ ಅಷ್ಟು ಒಣಗಿದೆಯೆಂದು ಅರ್ಥ. ಅಂದು ಒಣ ಮಾಪಕ ೨೪ ಡಿಗ್ರಿ, ಒದ್ದೆಯದು ೨೨.೫ ಡಿಗ್ರಿ ಸೆಲ್ಸಿಯಸ್ ತೋರಿಸಿತು. ಪಠ್ಯಪುಸ್ತಕದ ಕೋಷ್ಟಕದಿಂದ ಸಾಪೇಕ್ಷ ಆರ್ದ್ರತೆ ಶೇಕಡ ೮೭ರ ಸುಮಾರು ಎಂದು ಬಂದಿತು. ಬೇಸಿಗೆಯ ಒಂದು ಮಧ್ಯಾಹ್ನ ೩೩ ಮತ್ತು ೨೦ ಡಿಗ್ರಿ ಬಂದರೆ ಅದು ಶೇಕಡ ೩೦ರ ಸಮೀಪ. ಅಂದು ಬಟ್ಟೆ ಒಂದು ಗಂಟೆಯಲ್ಲಿ ಏಕೆ ಒಣಗುವುದೆಂಬುದಕ್ಕೆ ಬೇರೆ ವಿವರಣೆ ಬೇಡ.

ನೋಟುಪುಸ್ತಕದ ಅಂಕಿ

ಭಾರತ ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ ೮-೩೦ಕ್ಕೆ ಮುಗಿಯುತ್ತದೆ. ಹಿಂದಿನ ೨೪ ಗಂಟೆಗಳಲ್ಲಿ ಬಿದ್ದದ್ದೆಲ್ಲ ಆ ದಿನದ ಲೆಕ್ಕಕ್ಕೆ ಸೇರುತ್ತದೆ. ನಾವೂ ಸೋಮವಾರ ಅದೇ ಹೊತ್ತಿಗೆ ತಾರಸಿಗೆ ಹೋಗಿ ಡಬ್ಬಿಯಲ್ಲಿ ಅಳತೆಪಟ್ಟಿ ಇಳಿಸಿದೆವು. ೩೧ ಮಿಲಿಮೀಟರ್. ಮಗಳು ಬರೆದುಕೊಂಡಳು. ಮಂಗಳವಾರದ ಪತ್ರಿಕೆಯಲ್ಲಿ ನಗರದ ಮಳೆ ೨೨ ಮಿಲಿಮೀಟರ್ ಎಂದಿತ್ತು.

ಆಗ ನಾನು ಮಾಡಿದ ಕೆಲಸವನ್ನು ಮುಚ್ಚಿಡಬಾರದು. "ನಮ್ಮ ಡಬ್ಬಿಯಲ್ಲಿ ಏನೋ ತಪ್ಪಿರಬೇಕು. ೨೨ ಎಂದು ತಿದ್ದಿಬಿಡು" ಎಂದೆ. ಮಗಳು ಪೆನ್ನು ಎತ್ತಲಿಲ್ಲ. "ಏನು ತಪ್ಪು ಅಂತ ಗೊತ್ತಾಗದೆ ಹೇಗಪ್ಪ ತಿದ್ದೋದು? ನಾವು ನೋಡಿದ್ದು ಮೂವತ್ತೊಂದು ತಾನೆ?" ಎಂದಳು.

ನನಗೆ ಉತ್ತರ ತೋಚಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ೯.೮ ಎಂಬ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ವೀಕ್ಷಣೆಗಳನ್ನು ತುಂಬುತ್ತಾರೆ. ಅವರನ್ನು ನಾನು ಗದರಿಸಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಈಗ ಅದನ್ನೇ ಮಗಳಿಗೆ ಕಲಿಸಲು ಹೊರಟಿದ್ದೆ.

ತಪ್ಪನ್ನು ಹುಡುಕತೊಡಗಿದೆವು. ಅಳತೆಪಟ್ಟಿಯನ್ನು ನೋಡಿದ ಮಗ, ಸೊನ್ನೆಯ ಗೆರೆ ಪಟ್ಟಿಯ ತುದಿಯಲ್ಲಿಲ್ಲ, ೪ ಮಿಲಿಮೀಟರ್ ಒಳಗಿದೆ ಎಂದು ತೋರಿಸಿದ. ಹಾಗಾದರೆ ನಿಜವಾದ ಆಳ ೩೧ ಅಲ್ಲ, ೩೫! ತಿದ್ದುಪಡಿ ನಮ್ಮನ್ನು ಪತ್ರಿಕೆಯ ಅಂಕಿಯಿಂದ ಇನ್ನಷ್ಟು ದೂರಕ್ಕೆ ಒಯ್ದಿತು. ಉತ್ತರದ ಕಡೆಗೆ ಎಳೆಯುವ ತಿದ್ದುಪಡಿಯನ್ನು ಮಾತ್ರ ಒಪ್ಪಿ, ದೂರಕ್ಕೆ ತಳ್ಳುವುದನ್ನು ಬಿಡುವಂತಿಲ್ಲ. ೩೫ ಎಂದು ಬರೆದೆವು.

ಮುಂದಿನ ಮಳೆಗೆ ಒಂದೇ ಬಗೆಯ ಎರಡು ಡಬ್ಬಿಗಳನ್ನಿಟ್ಟೆವು. ಒಂದು ಟ್ಯಾಂಕಿನ ಪಕ್ಕದ ಹಳೆಯ ಸ್ಥಳದಲ್ಲಿ, ಇನ್ನೊಂದು ತಾರಸಿಯ ನಡುವೆ ಬಯಲಿನಲ್ಲಿ. ಮೊದಲನೆಯದರಲ್ಲಿ ೧೮, ಎರಡನೆಯದರಲ್ಲಿ ೧೫ ಮಿಲಿಮೀಟರ್ ಬಂದಿತು. ಟ್ಯಾಂಕಿನ ಮೈಗೆ ಬಡಿದು ಸಿಡಿದ ನೀರು ಡಬ್ಬಿಗೆ ಸೇರುತ್ತಿತ್ತು. ಭಾನುವಾರವೂ ಇದೇ ಪ್ರಮಾಣದಲ್ಲಿ ಸೇರಿದ್ದರೆ ಅಂದಿನ ನಿಜವಾದ ಮಳೆ ೨೯ರ ಸುಮಾರು. ಗಾಳಿ ಎರಡು ದಿನವೂ ಒಂದೇ ರೀತಿ ಬೀಸಿರಲಾರದು; ಆದುದರಿಂದ ಇದು ಊಹೆಯೇ ಹೊರತು ಅಳತೆಯಲ್ಲ. ಉಳಿದ ವ್ಯತ್ಯಾಸಕ್ಕೆ ಇನ್ನೂ ಕಾಣದ ತಪ್ಪು ಕಾರಣವಿರಬಹುದು. ಮಳೆಯೇ ಕಾರಣವೂ ಇರಬಹುದು. ಗುಡುಗುಮಳೆ ನಗರದ ಒಂದು ಬಡಾವಣೆಯನ್ನು ತೋಯಿಸಿ ಪಕ್ಕದ್ದನ್ನು ಒಣಗಿರಲು ಬಿಡುವುದನ್ನು ಬೆಂಗಳೂರಿನವರೆಲ್ಲ ಕಂಡಿದ್ದಾರೆ. ನಮ್ಮ ಪುಸ್ತಕದಲ್ಲಿ ಇಂದಿಗೂ ಹೀಗಿದೆ: "ಓದಿದ್ದು ೩೧. ಸೊನ್ನೆಯ ತಿದ್ದುಪಡಿ ೪. ಒಟ್ಟು ೩೫. ಟ್ಯಾಂಕಿನ ಪಕ್ಕದಲ್ಲಿ ಇಟ್ಟದ್ದು."

ಒಂದು ಮಿಲಿಮೀಟರಿನ ಬೆಲೆ

ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟು ಗಡಿಬಿಡಿಯೇ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರಿನ ಮೇಲೆ ೧ ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ೧ ಲೀಟರ್ ನೀರು. ಬೆಂಗಳೂರಿನ ಸಾಮಾನ್ಯ ನಿವೇಶನ ೩೦ ಅಡಿಗೆ ೪೦ ಅಡಿ. ಎಂದರೆ ಸುಮಾರು ೧೧೧ ಚದರ ಮೀಟರ್. ಅದರ ಮೇಲೆ ಒಂದೊಂದು ಮಿಲಿಮೀಟರಿಗೂ ೧೧೧ ಲೀಟರ್. ಅಳತೆಪಟ್ಟಿಯ ತುದಿಯಲ್ಲಿ ನಾವು ಕಾಣದೆ ಬಿಟ್ಟ ೪ ಮಿಲಿಮೀಟರಿನಲ್ಲಿ ೪೪೪ ಲೀಟರ್ ಅಡಗಿತ್ತು! ೨೦೨೨ರ ಸೆಪ್ಟೆಂಬರ್ ೫ರ ಬೆಳಗ್ಗೆ ಮುಗಿದ ಒಂದೇ ದಿನದಲ್ಲಿ ನಗರದಲ್ಲಿ ೧೩೧.೬ ಮಿಲಿಮೀಟರ್ ಮಳೆಯಾಯಿತು. ಅಂತಹ ಒಂದು ನಿವೇಶನಕ್ಕೆ ಅದು ಸುಮಾರು ೧೪,೬೦೦ ಲೀಟರ್. ವರ್ಷಕ್ಕೆ ಸರಾಸರಿ ೯೭೦ ಮಿಲಿಮೀಟರೆಂದು ಇಟ್ಟುಕೊಂಡರೆ ಒಂದು ಲಕ್ಷ ಲೀಟರಿಗೂ ಮಿಕ್ಕುವುದು.

ಇದೇ ನಗರ ಕುಡಿಯುವ ಕಾವೇರಿಯ ನೀರನ್ನು ಸುಮಾರು ೧೦೦ ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತದೆ. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಡಾವಣೆ ಬಡಾವಣೆಗಳಲ್ಲಿ ಜನ ಟ್ಯಾಂಕರಿಗೆ ಕಾದು ನಿಂತರು. ತಾರಸಿಯ ಮೇಲೆ ಬಿದ್ದ ನೀರನ್ನು ತೊಟ್ಟಿಗೆ ಹಿಡಿಯಬೇಕೇ, ನೆಲಕ್ಕೆ ಇಂಗಿಸಬೇಕೇ, ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆರಂಭವಾಗುವುದು ಒಂದು ಸರಿಯಾದ ಅಂಕಿಯಿಂದ. ಆ ಅಂಕಿಯನ್ನು ಯಾರೋ ಒಬ್ಬರು, ಯಾವುದೋ ಡಬ್ಬಿಯ ಮುಂದೆ ಬಗ್ಗಿ, ಕಂಡದ್ದನ್ನು ಕಂಡಂತೆ ಬರೆದಿರಬೇಕು.

ವಿದ್ಯಾರ್ಥಿಗಳು ಮುಂದಿನ ಮಳೆಗೆ ಈ ಪ್ರಯೋಗಗಳಲ್ಲಿ ಒಂದನ್ನಾದರೂ ಮಾಡಿ ನೋಡಬೇಕು. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅವರನ್ನೂ ಸೇರಿಸಿಕೊಳ್ಳಿರಿ. ನಿಮಗೆ ಕಾಣದ್ದು ಅವರಿಗೆ ಕಾಣಬಹುದು.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

೧. ಅಗಲವಾದ ಡಬ್ಬಿಯ ನೀರನ್ನು, ಅದರ ಮೂರನೆಯ ಒಂದು ಭಾಗದಷ್ಟೇ ವ್ಯಾಸವುಳ್ಳ ಗಾಜಿನ ಲೋಟಕ್ಕೆ ಸುರಿದರೆ ೧ ಮಿಲಿಮೀಟರ್ ಮಳೆ ಎಷ್ಟು ಎತ್ತರ ನಿಲ್ಲುವುದು? ಹವಾಮಾನ ಇಲಾಖೆ ೨.೫ ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾದ ದಿನವನ್ನು "ಮಳೆಯ ದಿನ" ಎಂದು ಎಣಿಸುತ್ತದೆ. ಇದನ್ನು ನಿರ್ಧರಿಸಲು ಲೋಟದ ಉಪಾಯ ಹೇಗೆ ನೆರವಾಗುತ್ತದೆ?

೨. ಒಂಬತ್ತು ಪೊಟ್ಟಣಗಳ ಕಟ್ಟು ಒಂಟಿ ಪೊಟ್ಟಣದೊಡನೆ ನೆಲ ಮುಟ್ಟಬೇಕಾದರೆ ಅದನ್ನು ಎಷ್ಟು ಪಟ್ಟು ಎತ್ತರದಿಂದ ಬಿಡಬೇಕು? ನಿಮ್ಮ ಕೋಣೆಯಲ್ಲಿ ಅದು ಸಾಧ್ಯವೇ?

೩. ಹನಿಯ ಭಾರ ವ್ಯಾಸದ ಘನಕ್ಕೂ, ಗಾಳಿಗೆ ಒಡ್ಡುವ ಹರವು ವ್ಯಾಸದ ವರ್ಗಕ್ಕೂ ಅನುಗುಣವಾಗಿವೆ. ಇದರಿಂದ ದೊಡ್ಡ ಹನಿ ಚಿಕ್ಕ ಹನಿಗಿಂತ ಬೇಗ ಬೀಳುವುದೇಕೆಂದು ವಿವರಿಸಿರಿ.

೪. ನಿಮ್ಮ ಮನೆಯ ತಾರಸಿಯ ವಿಸ್ತೀರ್ಣವನ್ನು ಅಳೆಯಿರಿ. ಮುಂದಿನ ಮಳೆಯನ್ನು ನೀವೇ ಅಳೆದು, ಎಷ್ಟು ಲೀಟರ್ ನೀರು ಬಿದ್ದಿತೆಂದು ಲೆಕ್ಕ ಮಾಡಿರಿ. ನಿಮ್ಮ ಅಂಕಿ ಪತ್ರಿಕೆಯ ಅಂಕಿಗೆ ಹೊಂದದಿದ್ದರೆ ಎರಡನ್ನೂ ಬರೆದಿಡಿರಿ. ಕಾರಣವನ್ನು ಹುಡುಕಿರಿ; ಅದು ಸಿಕ್ಕುವವರೆಗೆ ನಿಮ್ಮದನ್ನು ಅಳಿಸಬೇಡಿರಿ.